ಅಕ್ಕನ ಪಿಂಗಾಣಿ ಗೊಂಬೆಗಳು

ಆದವಾನಿಯಲ್ಲಿ ನಮ್ಮ ಪಕ್ಕದ ಮನೆಯ ಆಚಾರ್ಯರ ಮಗಳು ಎಳೆವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ನಾವೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದೆವು. ಊರಿಗೆ ಟಾಕಿ ಸಿನಿಮಾ ಬಂದಿತ್ತು, ಆದರೆ ಅಕ್ಕ ಹೋಗುವಂತಿರಲಿಲ್ಲ. ರೈಲ್ವೆ ಗಾರ್ಡಾಗಿದ್ದ ಅವಳ ಅಣ್ಣ ಮುಂಬಯಿಯಿಂದ ಪಿಂಗಾಣಿ ಗೊಂಬೆಗಳನ್ನು ತಂದುಕೊಡುತ್ತಿದ್ದ. ಎಲ್ಲವೂ ಕಾರ್ಟೂನ್ ಚಿತ್ರಗಳಲ್ಲಿ ಕುಣಿಯುವ ಪ್ರಾಣಿಗಳು. ಅವುಗಳ ಕಥೆಯನ್ನೂ ಅವನೇ ಹೇಳುತ್ತಿದ್ದ. ಅಕ್ಕ ಅವನ್ನು ಸೆರಗಿನಿಂದ ಒರೆಸಿ ಗೋಡೆಯ ಗೂಡಿನಲ್ಲಿಡುತ್ತ, “ನಾ ನೋಡಿಲ್ಲ, ಕೇಳೀನಿ ಅಷ್ಟ” ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಮಂತ್ರಾಲಯದಿಂದ ಬಂದ ನೆಂಟರೊಬ್ಬರು ಆ ಗೂಡನ್ನು ನೋಡಿ, “ಗಂಡ ಸತ್ತಾಕಿಗೆ ಇವೆಲ್ಲಾ ಯಾಕ?” ಎಂದು ಮುಖ ಸಿಂಡರಿಸಿದರು. ಆಚಾರ್ಯರಿಗೆ ಅವಮಾನವಾಯಿತು. “ಎಲ್ಲಾ ಒಯ್ದು ಬಾವಿಗೆ ಹಾಕು” ಎಂದುಬಿಟ್ಟರು.

ಅಕ್ಕ ಗೊಂಬೆಗಳನ್ನು ಮಡಿಲಲ್ಲಿ ತುಂಬಿಕೊಂಡು ಹಿತ್ತಲ ಬಾವಿಗೆ ಹೋದಳು. ನಾನು ಮೋಟುಗೋಡೆಯ ಈಚೆ ಬಟ್ಟೆ ಹರವುತ್ತಿದ್ದೆ. ಹಿಂದೆಯೇ ಬಂದು ನಿಂತ ತಂದೆಗೆ ಅವಳು ಛತ್ರಿ ಹಿಡಿದ ಕಪ್ಪೆಯ ಗೊಂಬೆಯೊಂದನ್ನು ಎತ್ತಿ ತೋರಿಸಿದಳು.

“ಅಪ್ಪಾ, ಇದು ಕಪ್ಪಿ. ಮಳ್ಯಾಗ ಎಲ್ಲಾರ್ನೂ ತನ್ನ ಛತ್ರಿ ಕೆಳಗ ಕರೀತದಂತ.”

ಹೇಳಿ ಬಾವಿಗೆ ಬಿಟ್ಟಳು. ನೀರಿನ ಸಪ್ಪಳ ಬಹಳ ತಡವಾಗಿ ಕೇಳಿತು. ಇನ್ನೊಂದನ್ನು ಎತ್ತಿ “ಇದು ಕರಡಿ” ಎನ್ನುವಾಗ ಅವಳ ದನಿ ನಿಂತುಹೋಯಿತು.

ಆಚಾರ್ಯರು ಅವಳ ಕೈ ಹಿಡಿದರು. ಬಾವಿಕಟ್ಟೆಯ ಮೇಲೆ ಕುಳಿತರು. ಆಮೇಲೆ, “ಕರಡಿ ಏನ್ ಮಾಡ್ತದ, ಹೇಳಮ್ಮಾ” ಎಂದರು.

ಅಕ್ಕ ಹೇಳತೊಡಗಿದಳು. ಒಳಗಿನಿಂದ ನೆಂಟರು ಕರೆದರೂ ಆಚಾರ್ಯರು ಏಳಲಿಲ್ಲ. ಉಳಿದ ಗೊಂಬೆಗಳ ಕಥೆಯೆಲ್ಲ ಮುಗಿದ ಮೇಲೆ ಅವನ್ನು ತಮ್ಮ ಶಲ್ಯದಲ್ಲಿ ಕಟ್ಟಿಕೊಂಡು, ಬಾಗಿಲಿಗೆ ಬಂದು ನಿಂತಿದ್ದ ನೆಂಟರ ಎದುರಿಗೇ ಒಳಗೆ ಒಯ್ದರು.