ಅತ್ತೆಯವರು ಗುರುತು ಹಿಡಿದ ಯಂತ್ರ

ನಾನು ಮದುವೆಯಾಗಿ ಧಾರವಾಡದ ಮನೆಗೆ ಬಂದ ವರ್ಷವೇ ಮಾವನವರು ಹುಬ್ಬಳ್ಳಿಯಿಂದ ಆ ಯಂತ್ರವನ್ನು ತಂದರು. ರೈಲ್ವೆಯ ಸಾಹೇಬನೊಬ್ಬ ವಿಲಾಯತಿಗೆ ಮರಳುವಾಗ ಮನೆಯ ಸಾಮಾನು ಹರಾಜಿಗಿಟ್ಟಿದ್ದನಂತೆ. ಮಾವನವರು ಹೋದದ್ದು ಗೋಡೆ ಗಡಿಯಾರಕ್ಕೆ. ಅದು ಬೇರೆಯವರ ಪಾಲಾಗಿ, ಮೂಲೆಯಲ್ಲಿ ಬಿದ್ದಿದ್ದ ಇದನ್ನು ಎತ್ತಿಕೊಂಡು ಬಂದಿದ್ದರು. ಏನಿದು ಎಂದು ಕೇಳಿದರೆ, ಕಬ್ಬಿಣ ಗಟ್ಟಿಯಿದೆ, ಯಾವುದಕ್ಕಾದರೂ ಬಂದೀತು ಎಂದರು.

ಅಂಗೈ ಅಗಲದ ಟೊಳ್ಳು ಕೊಳವೆ, ಪಕ್ಕಕ್ಕೊಂದು ಮರದ ಹಿಡಿಕೆ. ಕೊಳವೆಯ ಸುತ್ತ ಕೊಕ್ಕೆಬಾಯಿಯ ಸಣ್ಣ ಸೂಜಿಗಳು ಸಾಲಾಗಿ ನಿಂತಿದ್ದವು. ಹಿಡಿಕೆ ತಿರುವಿದರೆ ಅವು ಒಂದರ ಹಿಂದೊಂದು ಏಳುತ್ತ ಇಳಿಯುತ್ತ ಹೋಗುತ್ತಿದ್ದವು, ಗಾಳಿಗೆ ಕೆಲಗೇರಿ ಕೆರೆಯ ನೀರು ಸರಿಯುವ ಹಾಗೆ. ಮಧ್ಯಾಹ್ನ ಗಂಡಸರು ಕಚೇರಿಗೆ ಹೋದ ಮೇಲೆ ಪಡಸಾಲೆಯಲ್ಲಿ ಕುಳಿತು ಅದನ್ನು ಸುಮ್ಮನೆ ತಿರುವುತ್ತಿದ್ದೆ. ಆ ಟಿಕಿಟಿಕಿ ಸದ್ದಿನಲ್ಲಿ ತವರಿನ ನೆನಪೂ ನಿದ್ದೆಯೂ ಕಲೆತು ಬರುತ್ತಿದ್ದವು.

ಪಕ್ಕದ ಮನೆಯ ಕಾಕು ಇದು ಶಾವಿಗೆಯ ಯಂತ್ರವೇ ಎಂದು ಹಟ ಹಿಡಿದರು. ಒಂದು ದಿನ ನಾದಿದ ಹಿಟ್ಟನ್ನೇ ತಂದು ತುರುಕಿದರು. ಶಾವಿಗೆ ಬರಲಿಲ್ಲ, ಹಿಡಿಕೆಯೇ ನಿಂತುಹೋಯಿತು. ಚಿಮಣಿ ಎಣ್ಣೆ ಹಾಕಿ, ಒಂದೊಂದೇ ಸೂಜಿಯ ಹಿಟ್ಟು ಕೆರೆದು ತೆಗೆಯಲು ನನಗೆ ಎರಡು ದಿನ ಹಿಡಿಯಿತು.

ಅತ್ತೆಯವರು ಬಹಳ ಕಡಿಮೆ ಮಾತಿನವರು. ನನಗೆ ಅವರೆಂದರೆ ಹೆದರಿಕೆ. ಹಿಟ್ಟು ತೆಗೆದು ಮುಗಿಸಿದ ಮಧ್ಯಾಹ್ನ ಅವರು ಮಲಗಿದ್ದಾರೆಂದು ತಿಳಿದು ತಿರುವುತ್ತ ಕುಳಿತಿದ್ದೆ. ಅವರು ಹಿಂದಿನಿಂದ ಬಂದು ಒಂದೊಂದೇ ಕೊಕ್ಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ನೂಲಿನುಂಡಿ ತಗೊಂಡ ಬಾ," ಎಂದರು.

ನೂಲನ್ನು ಕೊಕ್ಕೆಗಳಿಗೆ ಸುತ್ತಿ, ಕೆಳಗೆ ತೂಗುವ ತುದಿಗೆ ತಕ್ಕಡಿಯ ಕಲ್ಲು ಕಟ್ಟಿದರು. ಲಗೂ ಬೇಡ, ಮೆಲ್ಲಗೆ ತಿರುವು ಎಂದು ಹೇಳಿದರು. ಸ್ವಲ್ಪ ಹೊತ್ತಿಗೆ ಕೊಳವೆಯೊಳಗಿಂದ ಹೆಣೆದ ಬಟ್ಟೆ, ಹೊಲಿಗೆಯೇ ಇಲ್ಲದ ಒಂದು ಚೀಲ, ಇಳಿದು ಬರತೊಡಗಿತು. ನಾನು ತಿರುವುವುದನ್ನು ನಿಲ್ಲಿಸಿ ಕೇಳಿದೆ:

"ನಿಮಗ ಹೆಂಗ ಗೊತ್ತಾತ್ರಿ, ಅತ್ತಿ?"

"ಲಗ್ನಕ್ಕ ಮದಲ ನಾಕ ತಿಂಗಳ ಮಿಶನ್ ಸಾಲಿಗೆ ಹೋಗಿದ್ನಿ. ಬಾಯಾರು ಹಿಂಗ ಹೆಣಿಯೂದು ಕಲಸಿದ್ರು, ಇಂಥಾದ ಒಂದ ಕೊಕ್ಕಿ ಸೂಜಿಲೆ, ಕೈಲೆ. ಆಮ್ಯಾಲ ಸಾಲಿ ಬಿಡಿಸಿದ್ರು. ಕೈ ಮರತಿಲ್ಲ ನೋಡು."

ಅವರು ಶಾಲೆಗೆ ಹೋಗಿದ್ದರೆಂಬುದು ಮಾವನವರಿಗೂ ಗೊತ್ತಿರಲಿಲ್ಲ.

ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಯಿಂದ ಉಣ್ಣೆ ನೂಲು ತರಿಸಿದೆವು. ಅದರಿಂದ ಏನು ಮಾಡಬೇಕೆಂದು ನಮಗೆ ತಿಳಿಯದ್ದರಿಂದ ಬರೀ ಉದ್ದನೆಯ ಚೀಲಗಳೇ ಆದವು. ಕೊನೆಗೆ ಆಸ್ಪತ್ರೆಯ ನರ್ಸ್‌ಬಾಯಿಯೊಬ್ಬರು ಮನೆಗೆ ಬಂದಾಗ ನೋಡಿ ನಕ್ಕು, ಇದು ಕಾಲುಚೀಲದ ಯಂತ್ರವೆಂದು ಹೇಳಿ ಹಿಮ್ಮಡಿ ಮಡಿಸುವ ಬಗೆ ಕಲಿಸಿಕೊಟ್ಟರು. ಮೊದಲ ಜೋಡಿಯನ್ನು ಮಾವನವರಿಗೆ ಕೊಟ್ಟೆವು. ಉಂಗುಟದ ಚಪ್ಪಲಿಗೆ ಅದು ಹೊಂದದೆ, ಮನೆಯೊಳಗೆ ಮಾತ್ರ ಹಾಕಿಕೊಂಡು ಹುಷಾರಾಗಿ ಓಡಾಡಿದರು.

ಆ ಚಳಿಗಾಲವೆಲ್ಲ ನಾನು ತಿರುವಿದೆ, ಅತ್ತೆಯವರು ನೂಲು ಹಿಡಿದು ಕುಳಿತರು. ಒಂದೊಂದು ಸುತ್ತಿಗೂ ಆ ನಾಲ್ಕು ತಿಂಗಳು ಸ್ವಲ್ಪ ಸ್ವಲ್ಪವಾಗಿ ಹೊರಬಂದವು: ಶಾಲೆಯ ಬಾವಿ, ಕಿಟಕಿಯ ಬಣ್ಣದ ಗಾಜು, ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯ ಕೆಮ್ಮು. ಕೆಲವೊಮ್ಮೆ ಹೇಳುತ್ತ ಹೇಳುತ್ತಲೇ ಕಂಬಕ್ಕೆ ಒರಗಿ ನಿದ್ದೆ ಹೋಗುತ್ತಿದ್ದರು. ಆಗ ನಾನು ಹಿಡಿಕೆ ಬಿಟ್ಟು, ಅವರು ಏಳುವವರೆಗೆ ಪಕ್ಕದಲ್ಲೇ ಕುಳಿತಿರುತ್ತಿದ್ದೆ.