ಹೈಜಿಂಕ್ಸ್ ಕಲಿಸಿದ ಹಾಲೇಶಪ್ಪ ಸರ್

ಹಾಲೇಶಪ್ಪ ಸರ್ ಇಂಗ್ಲಿಷ್ ಪದಗಳಿಗೆ ಊರು ಕೇಳುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತವರನ್ನು ನಮ್ಮ ಕಡೆಯವರು "ಯಾವೂರಾಯ್ತು?" ಎಂದು ಮಾತಿಗೆಳೆಯುತ್ತಾರಲ್ಲ, ಹಾಗೆ. ಹೊಸ ಪದವನ್ನು ಬೋರ್ಡಿನ ಮೇಲೆ ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ಕನ್ನಡಕ ಹಣೆಗೇರಿಸಿ ಅದನ್ನೇ ನೋಡುವರು. "ಊರು ಕೇರಿ ಗೊತ್ತಿಲ್ದಿರೋ ಪದಾನ ಬಾಯೊಳಗೆ ಬಿಟ್ಕೋಬೇಡ ಮಾರಾಯ್ತಿ" ಎನ್ನುವುದು ಅವರ ಬುದ್ಧಿವಾದ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಅರ್ಧ ಕನ್ನಡ, ಅರ್ಧ ತಮಿಳು ಕಲಸಿಕೊಂಡು ಬೆಳೆದ ನನಗೆ ಇಂಗ್ಲಿಷಿನ ಹೆದರಿಕೆ ಬಿಡಿಸಿದವರು ಅವರೇ. ಅದನ್ನು ನಾನು ಇಲ್ಲವೆನ್ನುವುದಿಲ್ಲ.

ಡಿಗ್ರಿಯ ಕೊನೆಯ ವರ್ಷ ಒಂದು ಮಧ್ಯಾಹ್ನ ಬೋರ್ಡಿಗೆ ಬಂದ ಪದ 'ಹೈಜಿಂಕ್ಸ್'.

"ಗಲಾಟೆ, ಮೋಜು, ಕುಣಿದಾಟ. ಅರ್ಥ ಇಷ್ಟೇ. ಊರು ಸ್ಕಾಟ್ಲೆಂಡ್. ಅಲ್ಲಿ ಕುಡಿಯೋಕೆ ಕೂತೋರು ದಾಳ ಹಾಕೋರು. ಯಾರ ಮೇಲೆ ಬೀಳುತ್ತೋ ಅವ್ರು ಎದ್ದು ವೇಷ ಕಟ್ಬೇಕು, ಇಲ್ಲಾ ಪದ್ಯ ಹೇಳ್ಬೇಕು. ಆಗಲ್ಲ ಅಂದ್ರೆ ದಂಡ!"

ಬರೀ ಹೇಳಿ ಸುಮ್ಮನಾದರೆ ಅವರು ಹಾಲೇಶಪ್ಪ ಸರ್ ಹೇಗಾದಾರು? ಹಾಜರಿ ಪುಸ್ತಕ ತೆರೆದು, ಕಣ್ಣು ಮುಚ್ಚಿ ಬೆರಳಿಟ್ಟರು. ಬಿದ್ದದ್ದು ನನ್ನ ಹೆಸರಿನ ಮೇಲೆ.

"ಏಳು ಕಲಾವತಿ. ನಮ್ ಪ್ರಿನ್ಸಿಪಾಲ್ರನ್ನ ಮಾಡಿ ತೋರ್ಸು."

"ಬೇಡ ಸರ್, ಅವ್ರು ನೋಡ್ಬಿಟ್ರೆ?"

"ನಾನಿದ್ದೀನಲ್ಲ!"

ಆ ಒಂದು ಮಾತು ನಂಬಿ ಎದ್ದೆ. ಹೊಟ್ಟೆ ಮುಂದೆ ಮಾಡಿ, ಕೈ ಹಿಂದೆ ಕಟ್ಟಿ, ಮೂಗಿನಲ್ಲಿ "ಡಿಸಿಪ್ಲಿನ್, ಡಿಸಿಪ್ಲಿನ್" ಎನ್ನುತ್ತಾ ನಡೆದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಸರ್. ನಗು ತಟ್ಟನೆ ನಿಂತಿತೆಂದು ತಿರುಗಿದರೆ, ಬಾಗಿಲಲ್ಲಿ ಪ್ರಿನ್ಸಿಪಾಲರು.

"ಏನ್ರೀ ಇದು, ಹಾಲೇಶಪ್ಪ?"

ಸರ್ ಹಾಜರಿ ಪುಸ್ತಕ ಮುಚ್ಚಿದರು. "ನಾನು ಬೋರ್ಡ್ ಕಡೆ ತಿರುಗಿದ್ದೆ ಸರ್. ಈ ಹುಡುಗಿ ಯಾವಾಗ ಎದ್ಲೋ ಗೊತ್ತಾಗ್ಲಿಲ್ಲ."

ಮೈಸೂರಿನ ಚರ್ಚಾಸ್ಪರ್ಧೆಯ ಪಟ್ಟಿಯಲ್ಲಿದ್ದ ನನ್ನ ಹೆಸರನ್ನು ಪ್ರಿನ್ಸಿಪಾಲರು ಅಂದೇ ಹೊಡೆದುಹಾಕಿದರು. ಮರುದಿನ ಅಪ್ಪ ಫಸ್ಟ್ ಶಿಫ್ಟ್ ಬಿಟ್ಟು ಬಂದು ಪ್ರಿನ್ಸಿಪಾಲರೆದುರು ಕೈಮುಗಿದು ನಿಂತರು. ಸರ್ ಅದೇ ಕೋಣೆಯಲ್ಲಿದ್ದರು, ಕಿಟಕಿಯಾಚೆ ನೋಡುತ್ತಾ. ಸ್ಪರ್ಧೆ ಕೈತಪ್ಪಿದ್ದಕ್ಕೆ ನಾನು ಅಳಲಿಲ್ಲ. ಅಪ್ಪನ ಮುಖ ನೋಡಿಯಾದರೂ ಇವರು ಬಾಯಿ ಬಿಡುತ್ತಾರೆ ಎಂದು ಕಾದೆನಲ್ಲ, ಅದಕ್ಕೆ ಅತ್ತೆ. ನಂಬಿಸಿ ಕುತ್ತಿಗೆ ಕೊಯ್ದಿದ್ದರು.

ಅವರನ್ನು ಕೊನೆಯ ಸಲ ನೋಡಿದ್ದು ಹೋದ ವರ್ಷ, ಶಿವಮೊಗ್ಗದ ಸವಳಂಗ ರಸ್ತೆಯ ನಮ್ಮ ಶಾಲೆಯಲ್ಲಿ. ನಾನೀಗ ಅಲ್ಲಿ ಇಂಗ್ಲಿಷ್ ಟೀಚರ್. ಮಕ್ಕಳಿಗೆ ಭಾಷಣ ಮಾಡಲೆಂದು ಹೆಡ್‌ಮಿಸ್ ಅವರನ್ನು ಕರೆಸಿದ್ದರು. ವಯಸ್ಸಾಗಿತ್ತು, ಮಾತಿನ ಸೊಗಸು ಮಾತ್ರ ಹಾಗೇ ಇತ್ತು. ಅದೇ ಪದ, ಅದೇ ದಾಳದ ಕತೆ. ಮಕ್ಕಳು ಮೈಮರೆತು ಕೇಳಿದರು. ನನಗೂ ಒಂದು ಗಳಿಗೆ ಹಳೆಯ ಪ್ರೀತಿ ಉಕ್ಕಿತು.

"ಒಂದ್ಸಲ ಈ ಆಟ ಆಡ್ವಾಗ ನನ್ ಸ್ಟೂಡೆಂಟ್ ಒಬ್ಳು ಪ್ರಿನ್ಸಿಪಾಲ್ರ ಕೈಗೆ ಸಿಕ್ಕಿಬಿದ್ಲು. ನಾನು ಅಡ್ಡ ನಿಂತು, 'ತಪ್ಪು ನಂದು, ಮಗೂನ ಬಿಡಿ' ಅಂದೆ. ಆ ಹುಡುಗಿ ಇಲ್ಲೇ ಕೂತಿದ್ದಾಳೆ. ಅಲ್ವೇನಮ್ಮ ಕಲಾವತಿ?"

ಚಪ್ಪಾಳೆಯೋ ಚಪ್ಪಾಳೆ. ಅವರ ಕಣ್ಣು ತುಂಬಿತ್ತು. ವಯಸ್ಸಿನ ಮರೆವಿಗೆ ಹಾಗೇ ನಡೆದದ್ದೆಂದು ನಂಬಿಕೊಂಡಿದ್ದಾರೇನೋ ಎಂದುಕೊಂಡೆ. ಆದರೂ ಮೈ ಉರಿಯಿತು. ಮುಂದಿನ ಸಾಲಿನಿಂದ, "ಇಲ್ಲ ಸರ್" ಎಂದೆ.

ಗದ್ದಲದಲ್ಲಿ ಪಕ್ಕದವರಿಗೂ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು. ನನ್ನನ್ನೇ ನೋಡಿದರು. ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡು, ಮಕ್ಕಳ ಕಡೆ ತಿರುಗಿ, "ಹೌದಂತೆ!" ಎಂದರು.