ಲ್ಯಾಬಿನಣ್ಣನ ಒಂದೇ ಒಂದು ಪ್ರಯೋಗ

ಕಳೆದ ವಾರ ಹಡಗಲಿಯ ನಮ್ಮ ಪಕ್ಕದ ಮನೆಯವರು ನಿಂಬೆ ಗಿಡದ ಹುಳಕ್ಕೆಂದು ಹೊಂಗೆ ಎಣ್ಣೆ ಸಿಂಪಡಿಸಿದರು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಆ ಘಾಟಿಗೆ ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಒಳಗೆ ಹೋದರೆ ನಾನೊಬ್ಬಳು ಕಾಂಪೌಂಡಿನ ಹತ್ತಿರ ನಿಂತು ನಗುತ್ತಿದ್ದೆ. ಏನಾಯಿತು ಎಂದು ಯಜಮಾನರು ಒಳಗಿನಿಂದಲೇ ಕೇಳಿದರು. ಏನೆಂದು ಹೇಳಲಿ... ಒಂದು ಪೀಪಾಯಿ ಸಾಬೂನಿನ ಕಥೆ ನಿಂತ ಕಾಲಲ್ಲಿ ಹೇಳಿ ಮುಗಿಸುವಂಥದ್ದಲ್ಲ.

ನಾನು ಮೊದಲು ಕೆಲಸಕ್ಕೆ ಸೇರಿದ್ದು ಕೊಟ್ಟೂರಿನ ಒಂದು ಕಾಲೇಜಿನಲ್ಲಿ. ಮಂಡ್ಯದ ಕಡೆಯವಳು, ರಸಾಯನಶಾಸ್ತ್ರದಲ್ಲಿ ಚಿನ್ನದ ಪದಕ ಬೇರೆ. ನನ್ನಷ್ಟು ಬಲ್ಲವರಿಲ್ಲ ಎಂದುಕೊಂಡಿದ್ದ ವಯಸ್ಸು. ಅಲ್ಲಿ ಅಟೆಂಡರ್ ಆಗಿದ್ದವರನ್ನು ಎಲ್ಲರೂ ಲ್ಯಾಬಿನಣ್ಣ ಎನ್ನುತ್ತಿದ್ದರು. ಗಿಡ್ಡ ಆಳು, ಆಸಿಡ್ ಬಿದ್ದು ಅಲ್ಲಲ್ಲಿ ತೂತಾದ ಖಾಕಿ ಅಂಗಿ. ಬಾಟಲಿಯ ಚೀಟಿ ಹರಿದುಹೋಗಿದ್ದರೂ ಒಳಗಿರುವುದು ಏನೆಂದು ಬಣ್ಣ ನೋಡಿಯೇ ಹೇಳಿಬಿಡುತ್ತಿದ್ದರು. ಗಾಜಿನ ಸಾಮಾನು ತೊಳೆಯುವುದರಲ್ಲಂತೂ ಅವರದು ಮಹಾ ಮಡಿ. ಪ್ರತಿಯೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಲೆ ಕಂಡರೂ ಮತ್ತೆ ನೀರಿಗೆ ಹಾಕುತ್ತಿದ್ದರು.

ಆ ವರ್ಷ ನಮ್ಮ ವಿಭಾಗಕ್ಕೆ ಹೊಂಗೆ ಎಣ್ಣೆಯಿಂದ ಡೀಸೆಲ್ ಮಾಡುವ ಪುಟ್ಟ ಘಟಕವೊಂದು ಬಂತು. ಎರಡು ಪೀಪಾಯಿ, ಒಂದು ಕಲಕುವ ಯಂತ್ರ, ಅಷ್ಟೆ. ಜೊತೆಗೆ ಕೊಟ್ಟಿದ್ದ ಮೆಥನಾಲ್ ಎರಡು ಸಲಕ್ಕೆ ಆಗುವಷ್ಟು ಮಾತ್ರ. ಅದನ್ನು ಜೋಡಿಸಿದ ದಿನ ಲ್ಯಾಬಿನಣ್ಣ ಬಾಗಿಲ ಹತ್ತಿರ ಬಹಳ ಹೊತ್ತು ನಿಂತಿದ್ದರು. ಆಮೇಲೆ ಮೆಲ್ಲಗೆ ಮಾತು ತೆಗೆದರು.

"ಮೇಡಂ, ಇಷ್ಟು ವರ್ಷ ಮಂದಿ ಪ್ರಯೋಗ ಮಾಡಾಕ ಎಲ್ಲಾ ಹೊಂದಿಸಿ ಕೊಟ್ಟೀನಿ. ನನ್ನ ಕೈಲೆ ಒಂದೂ ಮಾಡಿಲ್ರಿ. ಏಪ್ರಿಲ್ ಮುಗದ್ರ ನಾ ರಿಟೈರು. ಇದೊಂದು ನನಗ ಬಿಟ್ಟುಕೊಡ್ರಿ."

ಆಗಲಿ ಅಣ್ಣ ಎಂದೆ. ಹೇಳಿದ್ದು ಬಾಯಿ ಮಾತ್ರ. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಎಲ್ಲವನ್ನೂ ನಾನೇ ಮಾಡಲು ಹೊರಟೆ. ತಂಬ್ರಹಳ್ಳಿಯ ಹೆಣ್ಣುಮಕ್ಕಳ ಸಂಘಕ್ಕೆ ಬೀಜ ಬೇಕೆಂದು ಪತ್ರ ಬರೆದವಳೂ ನಾನೇ. "ಬೀಜಗಳನ್ನು ಸ್ವಚ್ಛಗೊಳಿಸಿ ಕಳುಹಿಸುವುದು" ಎಂದು ಅಡಿಗೆರೆ ಎಳೆದು ಬರೆದಿದ್ದೆ. ಬೀಜ ಬಂತು. ಒದ್ದೆಯಾಗಿದ್ದರೂ ವಾರಗಟ್ಟಲೆ ಚೀಲದಲ್ಲೇ ಇತ್ತು. ಗಿರಣಿಯಿಂದ ಎಣ್ಣೆ ಹಿಂಡಿಸಿ ತಂದಾಗ ಲ್ಯಾಬಿನಣ್ಣ ಮೂಸಿ ನೋಡಿ, ಮುಗ್ಗಲು ವಾಸನೆ ಬರುತ್ತಿದೆ, ಎಣ್ಣೆಯಲ್ಲಿ ಹುಳಿ ಎಷ್ಟಿದೆ ಎಂದು ಮೊದಲು ಪರೀಕ್ಷೆ ಮಾಡೋಣ ಎಂದರು. ಅದೆಲ್ಲ ಬೇಡ, ಪುಸ್ತಕದಲ್ಲಿ ಲೆಕ್ಕ ಕೊಟ್ಟಿದ್ದಾರೆ ಎಂದು ನಾನು ಮೆಥನಾಲಿನಲ್ಲಿ ಕಾಸ್ಟಿಕ್ ಸೋಡಾ ಕರಗಿಸಿ, ಬೆಚ್ಚಗಿನ ಎಣ್ಣೆಗೆ ಸುರಿದೇಬಿಟ್ಟೆ.

ಕಲಕುತ್ತಾ ಕಲಕುತ್ತಾ ಎಣ್ಣೆ ಅಂಬಲಿಯಾಯಿತು, ಅಂಬಲಿ ಗಂಜಿಯಾಯಿತು, ಕೊನೆಗೆ ಯಂತ್ರವೇ ಸಿಕ್ಕಿಕೊಂಡು ನಿಂತಿತು. ಲ್ಯಾಬಿನಣ್ಣ ಗಾಜಿನ ಕಡ್ಡಿಯಿಂದ ಒಂದಿಷ್ಟು ತೆಗೆದು, ಪ್ರನಾಳದಲ್ಲಿ ನೀರು ಬೆರೆಸಿ ಅಲ್ಲಾಡಿಸಿದರು. ಬುಸಬುಸ ನೊರೆ ಎದ್ದಿತು.

"ಸಾಬೂನು ಮಾಡೀರಲ್ರಿ ಮೇಡಂ," ಎಂದರು.

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮರ್ಯಾದೆ ಹೋದದ್ದಕ್ಕಿಂತ, ಅವರ ಪಾಲಿನದನ್ನು ಕಿತ್ತುಕೊಂಡು ಹಾಳುಮಾಡಿದೆನಲ್ಲಾ ಎಂಬುದೇ ಹೆಚ್ಚು ಚುಚ್ಚಿತು. ಅವರು ಮಾತ್ರ ಒಂದು ಮಾತೂ ಬೈಯಲಿಲ್ಲ. ಆ ಸಾಬೂನನ್ನು ಕತ್ತರಿಸಿ ಒಣಗಿಸಿ, ಇಡೀ ಲ್ಯಾಬಿನ ನೆಲ, ಕಟ್ಟೆ, ಸಿಂಕು ಎಲ್ಲ ತಿಕ್ಕಿದರು. ಮೇಡಂ ಬಂದ ಮೇಲೆ ಲ್ಯಾಬಿಗೆ ಕಳೆ ಬಂತು ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದರು.

ಭಾನುವಾರ ನನ್ನನ್ನು ತಂಬ್ರಹಳ್ಳಿಗೆ ಕರೆದುಕೊಂಡು ಹೋದರು. ಬೀಜ ಒದ್ದೆ ಯಾಕಿತ್ತು ಎಂದು ಕೇಳಿದ್ದಕ್ಕೆ ಸಂಘದ ಹಿರಿಯಾಕೆ ಗಾಬರಿಯಾದರು. "ಸ್ವಚ್ಛ ಅಂತ ಬರದಿದ್ರಲ್ರಿ ಅಕ್ಕಾರ. ಕೂಸಿಗೆ ಎರಿಯೋ ಹಂಗ ನೀರು ಹಾಕಿ ತೊಳದು ಕಳಿಸೇವಿ. ಒಣಗಿಸಾಕ ಪುರುಸೊತ್ತ ಸಿಗಲಿಲ್ಲ, ಟೆಂಪೊ ಬಂದುಬಿಡ್ತು."

ಲ್ಯಾಬಿನಣ್ಣ ನನ್ನತ್ತ ತಿರುಗಿದರು. "ಸ್ವಚ್ಛ ಅಂದ್ರ ಇಲ್ಲಿ ತೊಳೀತಾರ್ರಿ ಮೇಡಂ. ಹಸನ ಮಾಡ್ರಿ ಅನ್ನಬೇಕಿತ್ತು."

ಹಸನ ಎಂದರೆ ಮೊರದಲ್ಲಿ ಕೇರಿ, ಕಲ್ಲು ಕಸ ಆರಿಸಿ, ಬಿಸಿಲಿಗೆ ಹರವಿ ಒಣಗಿಸುವುದು. ಒಂದು ಹನಿ ನೀರು ಸೋಕುವಂತಿಲ್ಲ. ಒದ್ದೆ ಬೀಜ ಮುಗ್ಗಿ ಎಣ್ಣೆಯಲ್ಲಿ ಹುಳಿ ಏರಿತ್ತು, ಆ ಹುಳಿಯೇ ಸೋಡಾ ಜೊತೆ ಸೇರಿ ಸಾಬೂನಾಗಿತ್ತು. ಚಿನ್ನದ ಪದಕದವಳಿಗೆ ಗೊತ್ತಿರಲಿಲ್ಲ. ಆ ಅಂಗಳದಲ್ಲಿ ಎದ್ದ ನಗುವಿಗೆ ನಾನೂ ಸೇರಿಕೊಂಡೆ, ಬೇರೆ ದಾರಿ ಏನಿತ್ತು!

ಹೊಲದ ಬದುವಿನಲ್ಲಿ ಹೊಂಗೆ ಮರಗಳು ಒಣಕಾಯಿಯನ್ನೂ ಹೊಸ ಹೂವನ್ನೂ ಒಟ್ಟಿಗೆ ಹೊತ್ತು ನಿಂತಿದ್ದವು. ಒಬ್ಬಾಕೆ ಗಳ ತೆಗೆದುಕೊಂಡು ಬಡಿಯಲು ಹೊರಟಾಗ ಲ್ಯಾಬಿನಣ್ಣ ತಡೆದರು. ಹೂವು ಉದುರಿದರೆ ಮುಂದಿನ ವರ್ಷ ಬೀಜ ಎಲ್ಲಿಂದ ತರುತ್ತೀರಿ, ಬಿದ್ದದ್ದನ್ನಷ್ಟೇ ಆರಿಸಿ ಎಂದರು. ಎಣ್ಣೆ ತೆಗೆದು ಉಳಿದ ಹಿಂಡಿಯೆಲ್ಲ ಅವರ ಹೊಲಕ್ಕೇ ಗೊಬ್ಬರವಾಗಿ ವಾಪಸು ಬರಬೇಕೆಂದೂ ಅಲ್ಲೇ ಮಾತಾಯಿತು. ಇಂಥದ್ದೆಲ್ಲ ನನ್ನ ಪತ್ರದಲ್ಲಿ ಒಂದು ಸಾಲೂ ಇರಲಿಲ್ಲ.

ಉಳಿದಿದ್ದ ಮೆಥನಾಲ್ ಇನ್ನೊಂದೇ ಸಲಕ್ಕೆ. ಹಸನಾದ ಬೀಜ ಬಂದು, ಎಣ್ಣೆ ಹಿಂಡಿಸಿ ತರುವಷ್ಟರಲ್ಲಿ ಏಪ್ರಿಲ್ ಮುಗಿಯಲು ನಾಲ್ಕು ದಿನ ಉಳಿದಿತ್ತು. ಈ ಸಲ ನೀವೇ ಮಾಡಿ ಅಣ್ಣ, ನಾನು ಬೀಕರ್ ತೊಳೆಯುತ್ತೇನೆ ಎಂದೆ. ತಮಾಷೆಗೆ ಹೇಳುತ್ತಿದ್ದೇನೆ ಎಂದುಕೊಂಡರು. ನಾನು ಸೆರಗು ಸಿಕ್ಕಿಸಿ ಸಿಂಕಿನ ಮುಂದೆ ನಿಂತೆ. ಮೊದಲ ಬೀಕರನ್ನೇ ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟರು. "ಇನ್ನೊಮ್ಮಿ ತೊಳೀರಿ ಮೇಡಂ, ತಳದಾಗ ಕಲೆ ಐತಿ."

ಹುಳಿಯ ಪರೀಕ್ಷೆ ಮಾಡಿದರು. ಸೋಡಾ ಎಷ್ಟು ಬೇಕೆಂದು ಎರಡು ಸಲ ಗುಣಿಸಿ ನೋಡಿ, ತೂಗಿ ಹಾಕಿದರು. ಎಣ್ಣೆ ಕಾಸಿ, ಬೆರೆಸಿ, ಒಂದು ತಾಸು ಕಲಕಿ ಬಿಟ್ಟರು. ಮರುದಿನ ಬೆಳಿಗ್ಗೆ ಪೀಪಾಯಿಯ ಗಾಜಿನ ಕೊಳವೆಯಲ್ಲಿ ಎರಡು ಪದರ ಸ್ಪಷ್ಟವಾಗಿ ಕಂಡಿತು. ಕೆಳಗೆ ಬೆಲ್ಲದ ಪಾಕದಂತೆ ಕಪ್ಪಗೆ ಗ್ಲಿಸರಿನ್, ಮೇಲೆ ತಿಳಿಯಾದ ಡೀಸೆಲ್. ಗ್ಲಿಸರಿನ್ ಇಳಿಸಿ, ಬಿಸಿ ನೀರಿನಲ್ಲಿ ಡೀಸೆಲನ್ನು ಮೂರು ಸಲ ತೊಳೆದು, ನೀರಿನ ಅಂಶ ಹೋಗುವವರೆಗೆ ಕಾಸಿದರು. ನಾನು ಒಂದು ಕಡ್ಡಿಯನ್ನೂ ಮುಟ್ಟಲಿಲ್ಲ. ಸುಮ್ಮನಿರುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು.

ಅವರ ಕೊನೆಯ ದಿನ, ಕಾಲೇಜಿನ ಬಾವಿಯ ಹಳೆಯ ಡೀಸೆಲ್ ಎಂಜಿನ್ನಿಗೆ ಅದನ್ನು ಸುರಿದೆವು. ಪ್ರಿನ್ಸಿಪಾಲರು ಚಾಲನೆ ಕೊಡಲು ಸಿದ್ಧರಾಗಿ ಬಂದಿದ್ದರು. ನಾನೇ ಅಡ್ಡ ಹೋಗಿ, ಸರ್, ಇದು ಅವರ ಪ್ರಯೋಗ ಎಂದೆ. ಹ್ಯಾಂಡಲ್ ಲ್ಯಾಬಿನಣ್ಣನ ಕೈಗೆ ಬಂತು. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮೂರನೆಯ ಸಲಕ್ಕೆ ಹಿಡಿಯಿತು ನೋಡಿ! ನೀರು ಬುಗ್ಗೆಯೆದ್ದು ಕಾಲುವೆಗೆ ಬಿತ್ತು. ಹುಡುಗರು ಸಿಳ್ಳೆ ಹಾಕಿದರು. ಲ್ಯಾಬಿನಣ್ಣ ಮಾತ್ರ ಎಂಜಿನ್ನಿನ ಸದ್ದು ಕೇಳುತ್ತಾ, "ಆತಲ್ರಿ," ಎಂದರು. ಬೀಳ್ಕೊಡುಗೆಯ ಸಭೆ ಒಂದು ತಾಸು ತಡವಾಯಿತು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ.

ಆಮೇಲೆ ನನಗೆ ವರ್ಗವಾಯಿತು... ಅವರು ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು. ಹೋಗಬೇಕು, ಹೋಗಬೇಕು ಎನ್ನುತ್ತಲೇ ಎರಡು ವರ್ಷ ಕಳೆದೆ. ಪಕ್ಕದ ಮನೆಯ ಆ ವಾಸನೆ ಬಂದ ಮೇಲೆ ಕೂರಲಾಗದೆ, ನಿನ್ನೆ ಬಸ್ಸು ಹತ್ತಿ ಕೊಟ್ಟೂರಿಗೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟು, ಎದುರಿಗೆ ಕುಳಿತರು. ನಿವೃತ್ತಿಯ ದಿನದ ಮಾತು ಅವರೇ ತೆಗೆದರು.

"ಅವತ್ತು ಉಣ್ಣಾಕ ಕುಂತಾಗ ಕೈ ತೊಳ್ಕೊಳ್ರಿ ಅಂದೆ. ಇವತ್ತೊಂದಿನ ಈ ಕೈ ತೊಳಿಯಾದಿಲ್ಲ, ನಾ ಮಾಡಿದ ಡೀಸೆಲ್ ವಾಸನಿ ಐತಿ, ಚಮಚ ಕೊಡು ಅಂದ್ರು ನೋಡ್ರಿ. ಹುಟ್ಟಿದಾಗಿಂದ ಚಮಚ ಹಿಡದವರಲ್ಲ. ಅರ್ಧ ಅನ್ನ ಅಂಗಿ ಮ್ಯಾಲೆ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ಈ ಮಾತು ಹಿಡಿದು ಲ್ಯಾಬಿನಣ್ಣನನ್ನು ಎದುರಿಗೇ ಕೂರಿಸಿಕೊಂಡು ರೇಗಿಸಬೇಕಿತ್ತು. ನಾನು ತಡವಾಗಿ ಹೋದೆ.